ದೇಶ ಆಮೇಲೆ, ಸಬ್ಜೆಕ್ಟ್ ಮೊದಲು: ಒಂದು ಎಕ್ಸ್‌ಚೇಂಜ್ ಸೆಮಿಸ್ಟರ್‌ನ ತಯಾರಿ

ಎಕ್ಸ್‌ಚೇಂಜ್‌ಗೆ ಹೋಗ್ತೀನಿ ಅಂದವರನ್ನ ಯಾರನ್ನೇ ಕೇಳಿ, ಮಾತು ಶುರುವಾಗೋದೇ ದೇಶದಿಂದ. ಜರ್ಮನಿನಾ, ಸ್ವೀಡನ್ನಾ, ಸಿಂಗಾಪುರನಾ. ಆಮೇಲೆ ಊರು, ಆಮೇಲೆ ಯೂನಿವರ್ಸಿಟಿ ರ‍್ಯಾಂಕಿಂಗು, ವೀಸಾ, ವೀಕೆಂಡ್‌ಗೆ ಎಲ್ಲೆಲ್ಲಿ ಸುತ್ತಬಹುದು ಅನ್ನೋದು, ಇಷ್ಟೆಲ್ಲ ಆದ್ಮೇಲೆ ಕೊನೆಗೆ ಅಲ್ಲಿ ಏನು ಓದ್ತೀಯ ಅನ್ನೋ ಪ್ರಶ್ನೆ. ನಾನು ಕಂಪ್ಯೂಟರ್ ಸೈನ್ಸ್ ನಾಲ್ಕನೇ ಸೆಮಿಸ್ಟರ್‌ನಲ್ಲಿದೀನಿ, ಐದನೇದನ್ನ ಜರ್ಮನಿಯ ಸಾರ್‌ಬ್ರೂಕನ್‌ನಲ್ಲಿ ಓದ್ಬೇಕು ಅಂತ ತಯಾರಿ ನಡೀತಿದೆ, ಈ ಓಡಾಟದಲ್ಲಿ ನನಗೆ ಗಟ್ಟಿಯಾಗಿ ಅನ್ಸಿರೋದು ಏನಂದ್ರೆ ಈ ಸಾಲನ್ನ ಪೂರ್ತಿ ತಿರುಗಿಸಿ ಹಾಕ್ಬೇಕು. ನನ್ ಕಾಲೇಜಲ್ಲಿ ಸಿಗದೇ ಇರೋದು ಯಾವ್ದು, ಅದನ್ನ ನಾನು ಎಷ್ಟು ಆಳವಾಗಿ ಕಲೀಬೇಕು, ಮೊದಲು ಇದು ತೀರ್ಮಾನ ಆಗ್ಬೇಕು. ಇದು ಸಿಕ್ಕರೆ ದೇಶ, ಊರು, ದುಡ್ಡು ಎಲ್ಲ ತಾನಾಗೇ ಒಂದು ಕ್ರಮಕ್ಕೆ ಬರುತ್ತೆ, ಇದು ಸಿಗ್ಲಿಲ್ಲ ಅಂದ್ರೆ ಅಷ್ಟು ಖರ್ಚು ಮಾಡ್ಕೊಂಡು ಹೋಗೋಕೆ ಕಾರಣನೇ ಇಲ್ಲ.

ಎಕ್ಸ್‌ಚೇಂಜ್ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ಬಿಡ್ತೀನಿ, ಯಾಕಂದ್ರೆ ನಮ್ ಕಡೆ ಫಾರಿನ್‌ಗೆ ಓದೋಕೆ ಹೋಗೋದು ಅಂದ್ರೆ ಬಿ.ಇ. ಮುಗಿಸಿ, ಜಿಆರ್‌ಇ ಬರ್ದು, ಲೋನ್ ತಗೊಂಡು ಎಂ.ಎಸ್.ಗೆ ಹೋಗೋದು ಅಂತಾನೇ ಎಲ್ಲರ ತಲೇಲಿರೋದು. ಎಕ್ಸ್‌ಚೇಂಜ್ ಅದಲ್ಲ. ನಮ್ ಕಾಲೇಜು, ಅಲ್ಲಿನ ಯೂನಿವರ್ಸಿಟಿ ಎರಡೂ ಒಪ್ಪಂದ ಮಾಡ್ಕೊಂಡಿರ್ತಾವೆ, ಅವ್ರ ಕಡೆಯವರು ಇಲ್ಲಿಗೆ, ನಮ್ ಕಡೆಯವರು ಅಲ್ಲಿಗೆ, ಒಂದು ಸೆಮಿಸ್ಟರ್ ಅಥವಾ ಎರಡು. ಡಿಗ್ರಿ ಕೊಡೋದು ನಮ್ ಕಾಲೇಜೇ. ಫೀಸ್ ಕಟ್ಟೋದೂ ಇಲ್ಲೇ, ಅಲ್ಲಿ ಟ್ಯೂಷನ್ ಫೀಸ್ ಇರಲ್ಲ. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯೂರೋಪಿಯನ್ ಯೂನಿಯನ್ ಆಚೆಯಿಂದ ಬರೋರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸ್ ಇದೆ, ಆದ್ರೆ ಒಪ್ಪಂದದ ಮೇಲೆ ಬರೋ ಎಕ್ಸ್‌ಚೇಂಜ್ ಸ್ಟೂಡೆಂಟ್‌ಗಳಿಗೆ ಅಲ್ಲೂ ಅದಿಲ್ಲ. ಇನ್ನೊಂದು, ಎರಾಸ್ಮಸ್ ಅಂದ ಕೂಡ್ಲೇ ಜನ ಎರಾಸ್ಮಸ್ ಮುಂಡಸ್ ಅನ್ಕೋತಾರೆ, ಅದು ಮಾಸ್ಟರ್ಸ್ ಕೋರ್ಸು, ಎರಡ್ಮೂರು ದೇಶದಲ್ಲಿ ಓದಿಸ್ತಾರೆ. ಎರಾಸ್ಮಸ್ ಶುರುವಾಗಿದ್ದು 1987ರಲ್ಲಿ, ಯೂರೋಪಿನ ಹುಡುಗ್ರು ಯೂರೋಪಿನೊಳಗೇ ಒಂದಷ್ಟು ತಿಂಗಳು ಬೇರೆ ದೇಶದಲ್ಲಿ ಓದ್ಲಿ ಅಂತ. ಈಗ ಅದ್ರಲ್ಲಿ ನಮ್ಮಂಥವರಿಗೂ ಜಾಗ ಇದೆ, ಆದ್ರೆ ನಮ್ ಕಾಲೇಜಿನ ಪಾರ್ಟ್ನರ್ ಯೂನಿವರ್ಸಿಟಿ ಆ ದುಡ್ಡಿಗೆ ಅರ್ಜಿ ಹಾಕಿ ತಗೊಂಡಿದ್ರೆ ಮಾತ್ರ. ನನಗೆ ಆ ಸ್ಕಾಲರ್‌ಶಿಪ್ ಇಲ್ಲ, ಮನೆ ದುಡ್ಡಲ್ಲೇ ಹೋಗ್ತಿರೋದು.

ಸಾರ್‌ಬ್ರೂಕನ್ ಹೆಸರು ಹೇಳಿದ್ರೆ ನಮ್ ಊರಲ್ಲಿ ಬಿಡಿ, ಕ್ಲಾಸಲ್ಲೂ ಯಾರಿಗೂ ಗೊತ್ತಿರ್ಲಿಲ್ಲ. ಮ್ಯೂನಿಕ್ ಯಾಕಲ್ಲ ಅಂತ ಎಲ್ಲರೂ ಕೇಳಿದ್ರು. ಮ್ಯೂನಿಕ್ ಬೆಂಗಳೂರಿನವರಿಗೆ ಹತ್ತಿರದ ಹೆಸರು, ಬವೇರಿಯಾ ರಾಜ್ಯಕ್ಕೂ ಕರ್ನಾಟಕಕ್ಕೂ 2007ರಿಂದ ಪಾಲುದಾರಿಕೆ ಇದೆ, ಅಲ್ಲಿನ ಕಂಪನಿಗಳು ಇಲ್ಲಿವೆ, ಇಲ್ಲಿನ ಜನ ಅಲ್ಲಿದಾರೆ. ಸಾರ್‌ಬ್ರೂಕನ್ ಫ್ರಾನ್ಸ್ ಗಡಿಯಲ್ಲಿರೋ ಊರು, ಪ್ಯಾರಿಸ್‌ಗೆ ಟ್ರೈನಲ್ಲಿ ಎರಡು ಗಂಟೆ ಒಳಗೆ. ಆ ಪ್ರಾಂತ್ಯ ಕಲ್ಲಿದ್ದಲು, ಉಕ್ಕಿನ ಮೇಲೆ ಬದುಕಿದ್ದು, ಕೊನೆಯ ಗಣಿ ಮುಚ್ಚಿದ್ದು 2012ರಲ್ಲಿ. ಸಾರ್‌ಲ್ಯಾಂಡ್ ಯೂನಿವರ್ಸಿಟಿ ಹುಟ್ಟಿದ್ದು 1948ರಲ್ಲಿ, ಆ ಜಾಗ ಇನ್ನೂ ಫ್ರೆಂಚರ ಕೈಲಿದ್ದಾಗ. ಹಂಗಿದ್ದ ಮೂಲೆಯಲ್ಲಿ ಕಂಪ್ಯೂಟರ್ ಸೈನ್ಸ್ ಬೆಳೆದಿರೋ ರೀತಿ ನೋಡಿದ್ರೆ ಆಶ್ಚರ್ಯ ಆಗುತ್ತೆ: ಒಂದೇ ಕ್ಯಾಂಪಸ್ಸಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಅಂತಾನೇ ಮ್ಯಾಕ್ಸ್ ಪ್ಲಾಂಕ್ ಇನ್‌ಸ್ಟಿಟ್ಯೂಟ್ ಅನ್ನೋ ಸಂಶೋಧನಾ ಸಂಸ್ಥೆಗಳು ಎರಡಿವೆ, 1988ರಲ್ಲಿ ಶುರುವಾದ ಎಐ ಸಂಶೋಧನಾ ಕೇಂದ್ರ ಡಿಎಫ್‌ಕೆಐನ ಕಟ್ಟಡ ಇದೆ, ಸೈಬರ್ ಸೆಕ್ಯುರಿಟಿಯ ಸಂಶೋಧನಾ ಕೇಂದ್ರ ಸಿಸ್ಪಾ ಇದೆ. ಅದೇ ರಾಜ್ಯದ ಡಾಗ್‌ಸ್ಟೂಲ್ ಅನ್ನೋ ಕಡೆ 1990ರಿಂದ ಪ್ರಪಂಚದ ಕಂಪ್ಯೂಟರ್ ಸೈನ್ಸ್ ಸಂಶೋಧಕರೆಲ್ಲ ಬಂದು ವಾರಪೂರ್ತಿ ಕೂತು ಚರ್ಚೆ ಮಾಡೋ ಕೇಂದ್ರ ಇದೆ. ನಾವು ಪೇಪರ್ ಹುಡುಕೋಕೆ ಬಳಸೋ ಡಿಬಿಎಲ್‌ಪಿ ಇದ್ಯಲ್ಲ, ಅದನ್ನ ಈಗ ನಡೆಸ್ತಿರೋರೂ ಅವರೇ. ಕಂಪೈಲರ್, ಅಂದ್ರೆ ನಾವು ಬರೆದ ಪ್ರೋಗ್ರಾಂನ ಮಷೀನ್‌ಗೆ ಅರ್ಥ ಆಗೋ ಭಾಷೆಗೆ ತಿರುಗಿಸೋ ಸಾಫ್ಟ್‌ವೇರು, ಆ ವಿಷಯದಲ್ಲಂತೂ ಈ ಊರಿಗೆ ದೊಡ್ಡ ಹೆಸರು. ವಿಮಾನದ ಒಳಗಿನ ಸಾಫ್ಟ್‌ವೇರ್ ಅತಿ ಹೆಚ್ಚು ಅಂದ್ರೆ ಎಷ್ಟು ಸಮಯ ತಗೊಳುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಹೇಳೋ ಟೂಲ್ ಮಾಡಿರೋ ಆಬ್ಸಿಂಟ್ ಕಂಪನಿ ಹುಟ್ಟಿದ್ದು ಇಲ್ಲೇ, 1998ರಲ್ಲಿ, ಏರ್‌ಬಸ್‌ನವರು ಅದನ್ನ ಬಳಸ್ತಾರೆ.

ನನಗೆ ಕಂಪೈಲರ್ ಹುಚ್ಚು ಹತ್ತಿದ್ದಕ್ಕೆ ಒಂದು ಪುಟ್ಟ ಪ್ರೋಗ್ರಾಂ ಕಾರಣ. ಒಂದರಿಂದ ಎನ್‌ವರೆಗೆ ಕೂಡೋ ಲೂಪು, ಮೊದಲ ಸೆಮಿಸ್ಟರ್‌ನಲ್ಲೇ ಎಲ್ಲರೂ ಬರ್ದಿರ್ತೀವಿ. ಅದನ್ನ ಗಾಡ್‌ಬೋಲ್ಟ್‌ನ ಕಂಪೈಲರ್ ಎಕ್ಸ್‌ಪ್ಲೋರರ್ ಅನ್ನೋ ವೆಬ್‌ಸೈಟ್‌ನಲ್ಲಿ ಹಾಕಿ, ಕ್ಲ್ಯಾಂಗ್ ಅನ್ನೋ ಕಂಪೈಲರ್ ಆರಿಸಿ, ಓ2 ಅನ್ನೋ ಆಪ್ಟಿಮೈಸೇಶನ್ ಕೊಟ್ಟು ಪಕ್ಕದ ಅಸೆಂಬ್ಲಿ, ಅಂದ್ರೆ ಮಷೀನ್ ಮಟ್ಟದ ಆದೇಶಗಳನ್ನ ನೋಡಿ. ಲೂಪೇ ಇರಲ್ಲ! ಗುಣಾಕಾರ ಒಂದು, ಬಲಕ್ಕೆ ಶಿಫ್ಟ್ ಒಂದು (ಅಂದ್ರೆ ಎರಡರಿಂದ ಭಾಗಿಸೋದು), ಜೊತೆಗೆ ಸಣ್ಣಪುಟ್ಟ ಕೂಡೋದು ಕಳೆಯೋದು, ಅಷ್ಟೇ. ನಾವು ಹೈಸ್ಕೂಲಲ್ಲಿ ಕಲಿತ ಎನ್ ಇಂಟು ಎನ್ ಪ್ಲಸ್ ಒಂದು ಬೈ ಎರಡು ಅನ್ನೋ ಸೂತ್ರನ ಕಂಪೈಲರ್ ತಾನೇ ಕಂಡ್ಕೊಂಡಿರುತ್ತೆ. ಅದು ಹೇಗೆ ಗೊತ್ತಾಯ್ತು ಅದಕ್ಕೆ? ಉತ್ತರ ಒಂದೇ ಆಗಿರುತ್ತೆ ಅಂತ ಅದಕ್ಕೆ ಖಾತ್ರಿ ಹೇಗೆ? ನಮ್ ಲ್ಯಾಬಲ್ಲಿ ಕಂಪೈಲರ್ ಅಂದ್ರೆ ಲೆಕ್ಸ್, ಯಾಕ್ ಅನ್ನೋ ಎರಡು ಟೂಲ್ ಹಾಕಿ ಪುಟ್ಟ ಕ್ಯಾಲ್ಕುಲೇಟರ್ ಮಾಡೋದು, ಅಲ್ಲಿಗೆ ನಿಂತೋಗುತ್ತೆ. ನನಗೆ ಬೇಕಿದ್ದಿದ್ದು ಅದರ ಮುಂದಿನದು. ಪಾರ್ಟ್ನರ್ ಯೂನಿವರ್ಸಿಟಿಗಳ ಪಟ್ಟಿ ಇಟ್ಕೊಂಡು ಒಂದೊಂದರ ಮಾಡ್ಯೂಲ್ ಹ್ಯಾಂಡ್‌ಬುಕ್ಕೂ (ಕೋರ್ಸ್‌ಗಳ ವಿವರ ಇರೋ ಕೈಪಿಡಿ) ತೆಗೆದು ಓದಿದೆ, ಸಾರ್‌ಬ್ರೂಕನ್‌ನ ಕಂಪೈಲರ್ ಕೋರ್ಸ್ ವಿವರಣೆಯಲ್ಲಿ ಅರ್ಥ ಕೆಡದ ಹಾಗೆ ಪ್ರೋಗ್ರಾಂನ ಬದಲಾಯಿಸಿ ವೇಗ ಹೆಚ್ಚಿಸೋದು ಕಲೀತೀರಿ ಅಂತ ಇತ್ತು, ಅವತ್ತೇ ನನ್ ಮಟ್ಟಿಗೆ ಊರು ಗೊತ್ತಾಯ್ತು.

ಆ ಹ್ಯಾಂಡ್‌ಬುಕ್‌ನಲ್ಲಿ ಇನ್ನೊಂದು ಲೆಕ್ಕ ಇದೆ, ಇದನ್ನ ನಾನು ಸಿಕ್ಕಿದವರಿಗೆಲ್ಲ ತೋರಿಸ್ತಿದೀನಿ. ಯೂರೋಪಿನ ಇಸಿಟಿಎಸ್ ಕ್ರೆಡಿಟ್ ನಮ್ ಕ್ರೆಡಿಟ್ ತರಹ ಅಲ್ಲ. ನಮ್ಮಲ್ಲಿ ವಾರಕ್ಕೆ ಒಂದು ಗಂಟೆ ಕ್ಲಾಸ್ ಅಂದ್ರೆ ಒಂದು ಕ್ರೆಡಿಟ್, ಲ್ಯಾಬ್ ಆದ್ರೆ ಎರಡು ಗಂಟೆಗೆ ಒಂದು. ಅಂದ್ರೆ ಮೇಷ್ಟ್ರು ಎಷ್ಟು ಹೊತ್ತು ಪಾಠ ಮಾಡಿದ್ರು ಅನ್ನೋ ಲೆಕ್ಕ. ಅವರದ್ದು ಸ್ಟೂಡೆಂಟ್ ಎಷ್ಟು ಹೊತ್ತು ಕೆಲಸ ಮಾಡ್ಬೇಕು ಅನ್ನೋ ಲೆಕ್ಕ, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ, ಜರ್ಮನಿಯಲ್ಲಿ ಸಾಮಾನ್ಯವಾಗಿ 30, ಸೆಮಿಸ್ಟರ್‌ಗೆ 30 ಕ್ರೆಡಿಟ್. ಸಾರ್‌ಬ್ರೂಕನ್‌ನಲ್ಲಿ ಕೋರ್ ಲೆಕ್ಚರ್ ಒಂದಕ್ಕೆ 9 ಕ್ರೆಡಿಟ್, ಅಂದ್ರೆ 270 ಗಂಟೆ. ಅದ್ರಲ್ಲಿ ಕ್ಲಾಸು, ಟ್ಯುಟೋರಿಯಲ್ ಸೇರಿ 90 ಗಂಟೆ, ಉಳಿದ 180 ಗಂಟೆ ನೀನೇ ಕೂತು ಓದೋದು, ಲೆಕ್ಕ ಬಿಡಿಸೋದು, ಕೋಡ್ ಬರೆಯೋದು. ಕ್ಲಾಸಿಗೆ ಒಂದು ಗಂಟೆ ಹೋದ್ರೆ ಮನೇಲಿ ಎರಡು ಗಂಟೆ ಅಂತ ಬರವಣಿಗೆಯಲ್ಲೇ ಇಟ್ಟಿದಾರೆ! ನಮ್ಮಲ್ಲಿ ಒಂದು ಸೆಮಿಸ್ಟರ್‌ಗೆ ಏಳೆಂಟು ಸಬ್ಜೆಕ್ಟ್, ಬೆಳಿಗ್ಗೆಯಿಂದ ಸಂಜೆವರೆಗೂ ಕ್ಲಾಸು, ಇಂಟರ್ನಲ್ಸು, ರೆಕಾರ್ಡು, ಅಸೈನ್‌ಮೆಂಟು, ಯಾವುದಾದ್ರೂ ಒಂದು ವಿಷಯದ ಜೊತೆ ಒಬ್ಬಳೇ ಕೂರೋಕೆ ಟೈಮೇ ಇರಲ್ಲ. ನಾನು ಅಲ್ಲಿಗೆ ಹೋಗ್ತಿರೋದು ಆ 180 ಗಂಟೆಗೋಸ್ಕರ. ಹೆಚ್ಚು ಸಬ್ಜೆಕ್ಟ್‌ಗೋಸ್ಕರ ಅಲ್ಲ, ಕಮ್ಮಿ ಸಬ್ಜೆಕ್ಟ್‌ಗೋಸ್ಕರ.

ಆದ್ರೆ ಕಮ್ಮಿ ಸಬ್ಜೆಕ್ಟ್ ಅನ್ನೋದೇ ವಾಪಸ್ ಬಂದಾಗ ತಲೆನೋವು, ಯಾಕಂದ್ರೆ ಇಲ್ಲಿ ಐದನೇ ಸೆಮಿಸ್ಟರ್‌ನ ಪ್ರತಿಯೊಂದು ಸಬ್ಜೆಕ್ಟ್ ಎದುರಿಗೂ ಏನಾದ್ರೂ ಒಂದು ತೋರಿಸ್ಬೇಕು. ನಮ್ ರಾಜ್ಯದ ಇಂಜಿನಿಯರಿಂಗ್ ಯೂನಿವರ್ಸಿಟಿ ವಿಟಿಯು ಅಡಿಯಲ್ಲಿರೋ ಮಾಮೂಲಿ ಕಾಲೇಜಾಗಿದ್ರೆ ಸಿಲೆಬಸ್, ಪರೀಕ್ಷೆ ಎರಡೂ ಯೂನಿವರ್ಸಿಟಿ ಕೈಲಿರುತ್ತೆ, ಕಾಲೇಜಿನವರು ಒಪ್ಪಿದ್ರೂ ಅವರ ಕೈಲಿ ಏನೂ ಇರಲ್ಲ. ಸಿಲೆಬಸ್, ಪರೀಕ್ಷೆ ತಾನೇ ನೋಡ್ಕೊಳೋ ಅಟಾನಮಸ್ ಕಾಲೇಜಲ್ಲಿ ಅದನ್ನ ತೀರ್ಮಾನಿಸೋಕೆ ಬೋರ್ಡ್ ಆಫ್ ಸ್ಟಡೀಸ್ ಇರುತ್ತೆ, ಡೀನ್ ಇರ್ತಾರೆ, ಕೂತು ಮಾತಾಡ್ಬಹುದು. ಸೀಟ್ ತಗೊಳೋ ಟೈಮಲ್ಲಿ ಅಟಾನಮಸ್ ಅಂದ್ರೆ ಪೇಪರ್ ಸುಲಭ ಅಂತ ಮಾತಾಡ್ಕೋತೀವಿ, ಇಂಥ ಕೆಲಸಕ್ಕೆ ಅದು ಎಷ್ಟು ದೊಡ್ಡ ಅನುಕೂಲ ಅಂತ ಯಾರೂ ಹೇಳಲ್ಲ. ಪಿಯುಸಿ ಮುಗಿಸಿ ಸಿಇಟಿ ಕೌನ್ಸೆಲಿಂಗ್‌ಗೆ ಕೂರೋ ಹುಡುಗ್ರು ಇದನ್ನ ಓದ್ತಿದ್ರೆ, ಆಪ್ಷನ್ ಎಂಟ್ರಿ ಮಾಡೋಕೆ ಮುಂಚೆ ಕಾಲೇಜಿನ ಎಕ್ಸ್‌ಚೇಂಜ್ ಒಪ್ಪಂದಗಳ ಪಟ್ಟಿ ಕೇಳಿ, ಅದಕ್ಕಿಂತ ಮುಖ್ಯವಾಗಿ ಹೋದ ಎರಡು ವರ್ಷದಲ್ಲಿ ಎಷ್ಟು ಜನ ನಿಜವಾಗ್ಲೂ ಹೋಗಿದಾರೆ ಅಂತ ಕೇಳಿ. ಒಪ್ಪಂದದ ಪತ್ರ (ಎಂಒಯು) ಗೋಡೆ ಮೇಲೆ ಫ್ರೇಮ್ ಹಾಕಿರೋದು ಬೇರೆ, ನಡೀತಿರೋದು ಬೇರೆ.

ಲರ್ನಿಂಗ್ ಅಗ್ರಿಮೆಂಟ್ ಅನ್ನೋ ಫಾರಂ ಇರುತ್ತೆ, ಎಡಗಡೆ ಅಲ್ಲಿನ ಕೋರ್ಸು, ಬಲಗಡೆ ಇಲ್ಲಿನ ಸಬ್ಜೆಕ್ಟು, ಕೆಳಗೆ ಮೂರು ಸಹಿ, ನಂದು, ನಮ್ ಕಾಲೇಜಿಂದು, ಅವರದ್ದು. ನಮ್ ಎಕ್ಸ್‌ಚೇಂಜ್ ಕೋಆರ್ಡಿನೇಟರ್ ಮೇಡಂ ಜೊತೆ ಇದನ್ನ ತುಂಬಿದ್ದು ನನ್ ಇಡೀ ತಯಾರಿಯಲ್ಲೇ ಹೆಚ್ಚು ಕಲಿಸಿದ ಕೆಲಸ. ನಾನು ಹೆಸರಿಗೆ ಹೆಸರು ಹೊಂದಿಸ್ಕೊಂಡು ಹೋಗಿದ್ದೆ. ಮೇಡಂ ಅದನ್ನ ಪಕ್ಕಕ್ಕಿಟ್ಟು, “ಹೆಸರು ಬಿಡಮ್ಮ, ಯೂನಿಟ್ ತೆಗಿ” ಅಂದ್ರು. ಥಿಯರಿ ಆಫ್ ಕಂಪ್ಯುಟೇಶನ್, ಅಂದ್ರೆ ಕಂಪ್ಯೂಟರ್‌ಗೆ ಏನು ಸಾಧ್ಯ, ಏನು ಸಾಧ್ಯ ಇಲ್ಲ ಅನ್ನೋ ಗಣಿತದ ಸಬ್ಜೆಕ್ಟು, ಅದರ ಸಿಲೆಬಸ್ ಒಂದು ಕಡೆ, ಅಲ್ಲಿನ ಥಿಯರೆಟಿಕಲ್ ಕಂಪ್ಯೂಟರ್ ಸೈನ್ಸ್ ಪರಿಚಯದ ಕೋರ್ಸ್ ಇನ್ನೊಂದು ಕಡೆ. ಫೈನೈಟ್ ಆಟೊಮೇಟಾ ಇದೆ, ಟಿಕ್. ಪಂಪಿಂಗ್ ಲೆಮ್ಮಾ ಇದೆ, ಟಿಕ್. ಪುಶ್‌ಡೌನ್ ಆಟೊಮೇಟಾ ನಮ್ಮಲ್ಲಿ ಜಾಸ್ತಿ, ಅವರಲ್ಲಿ ಕಮ್ಮಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ. ಟ್ಯೂರಿಂಗ್ ಮಷೀನ್ ನಮ್ಮಲ್ಲಿ ಕೊನೇ ಮಾಡ್ಯೂಲು, ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಓಡ್ಕೊಂಡು ಮುಗಿಸೋದು, ಅವರಲ್ಲಿ ಕೋರ್ಸಿನ ಬೆನ್ನೆಲುಬೇ ಅದು, ಅಲ್ಲಿಂದ ಎನ್‌ಪಿ ಕಂಪ್ಲೀಟ್‌ನೆಸ್‌ವರೆಗೂ ಹೋಗ್ತಾರೆ. ಮೇಡಂ ಅದನ್ನ ಓದಿ ಸ್ವಲ್ಪ ಹೊತ್ತು ಸುಮ್ನಿದ್ದು, “ನಂಗೂ ಹಿಂಗೇ ಪಾಠ ಮಾಡೋಕೆ ಆಸೆ, ಟೈಮ್ ಎಲ್ಲಿ ಸಿಗುತ್ತೆ ಹೇಳು” ಅಂದ್ರು. ಇಷ್ಟು ವರ್ಷ ಒಂದು ಸಬ್ಜೆಕ್ಟ್ ಅಂದ್ರೆ ಪುಸ್ತಕದಲ್ಲಿರೋದು ಅಂತ ಅನ್ಕೊಂಡಿದ್ದೆ, ಅದನ್ನ ಯಾರೋ ಕೂತು ಇದಿರ್ಲಿ, ಇದು ಬೇಡ, ಇದಕ್ಕೆ ಇಷ್ಟು ಗಂಟೆ ಅಂತ ಆರಿಸಿರ್ತಾರೆ ಅನ್ನೋದು ನನ್ ಕಣ್ಣಿಗೆ ಬಿದ್ದಿದ್ದು ಆ ಟೇಬಲ್ ಮುಂದೆ.

ಕೊನೆಗೆ ಬಂದಿದ್ದು ಹೀಗೆ. ಥಿಯರಿಗೆ ಥಿಯರಿ, 9 ಕ್ರೆಡಿಟ್. ಕಂಪೈಲರ್ ಕೋರ್ಸ್ 9 ಕ್ರೆಡಿಟ್, ಅದನ್ನ ಇಲ್ಲಿ ಪ್ರೊಫೆಷನಲ್ ಎಲೆಕ್ಟಿವ್ ಎದುರಿಗೆ ಇಡೋದು. ಒಂದು ಸೆಮಿನಾರ್ 7 ಕ್ರೆಡಿಟ್, ಅಂದ್ರೆ ಸಂಶೋಧನಾ ಪೇಪರ್ ಓದಿ ಎಲ್ಲರ ಮುಂದೆ ಅದನ್ನ ಮಂಡಿಸಿ ಪ್ರಶ್ನೆಗೆ ಉತ್ತರ ಕೊಡೋದು, ಅದನ್ನ ಮಿನಿ ಪ್ರಾಜೆಕ್ಟ್ ಎದುರಿಗೆ. ಜೊತೆಗೆ ಜರ್ಮನ್ ಭಾಷೆಯ ಕೋರ್ಸು, ಅದಕ್ಕೆ ಇಲ್ಲಿ ಲೆಕ್ಕ ಇಲ್ಲ, ಇರ್ಲಿ. ಕಂಪ್ಯೂಟರ್ ನೆಟ್‌ವರ್ಕ್ಸ್ ಹೊಂದ್ಲಿಲ್ಲ, ಅದನ್ನ ವಾಪಸ್ ಬಂದು ಸಪ್ಲಿಮೆಂಟರಿ ಸೆಮಿಸ್ಟರ್‌ನಲ್ಲಿ ಬರೀಬೇಕು. ರಿಸರ್ಚ್ ಮೆಥಡಾಲಜಿ, ಎನ್ವಿರಾನ್‌ಮೆಂಟಲ್ ಸ್ಟಡೀಸ್ ಇವೆರಡಕ್ಕೆ ಜರ್ಮನಿಯಲ್ಲಿ ಜೋಡಿ ಸಿಗಲ್ಲ, ಐಐಟಿಗಳು ನಡೆಸೋ ಆನ್‌ಲೈನ್ ಕೋರ್ಸ್‌ಗಳ ಎನ್‌ಪಿಟಿಇಎಲ್‌ನಲ್ಲಿ ಮೊದಲೇ ಮುಗಿಸ್ಕೊಳೋಕೆ ಮೇಡಂ ಹೇಳಿದಾರೆ. ಇಲ್ಲಿ ಒಂದು ಮುಖ್ಯ ವಿಷಯ: ಮಾಡ್ಯೂಲ್ ಹ್ಯಾಂಡ್‌ಬುಕ್‌ನಲ್ಲಿರೋ ಕೋರ್ಸೆಲ್ಲ ಪ್ರತಿ ಸೆಮಿಸ್ಟರ್ ನಡೆಯಲ್ಲ. ಕೆಲವು ವಿಂಟರ್‌ಗೆ, ಕೆಲವು ಸಮ್ಮರ್‌ಗೆ, ಕೆಲವು ಪ್ರೊಫೆಸರ್‌ಗೆ ಬಿಡುವಿದ್ದಾಗ. ಹಾಗಾಗಿ ಪ್ರತಿಯೊಂದಕ್ಕೂ ಬದಲಿ ಕೋರ್ಸ್ ಬರೆದು, ಅದಕ್ಕೂ ಮೊದಲೇ ಸಹಿ ಹಾಕಿಸ್ಕೊಂಡು ಹೋಗಿ. ಅಲ್ಲಿಗೆ ಹೋದ್ಮೇಲೆ ಮೇಲ್ ಮಾಡಿ, ಇಲ್ಲಿ ಬೋರ್ಡ್ ಮೀಟಿಂಗ್ ಕಾಯ್ತಾ ಕೂರೋದು ಬೇಡ. ಭಾಷೆಯದ್ದೂ ನೋಡ್ಕೊಳ್ಳಿ: ಜರ್ಮನಿಯಲ್ಲಿ ಬ್ಯಾಚುಲರ್ಸ್ ಕೋರ್ಸ್‌ಗಳು ಬಹಳಷ್ಟು ಕಡೆ ಜರ್ಮನ್‌ನಲ್ಲೇ, ಇಂಗ್ಲಿಷ್‌ನಲ್ಲಿ ಸಿಗೋದು ಹೆಚ್ಚಾಗಿ ಮಾಸ್ಟರ್ಸ್ ಕೋರ್ಸು. ಅವರ ಬ್ಯಾಚುಲರ್ಸ್ ಮೂರು ವರ್ಷದ್ದು, 180 ಕ್ರೆಡಿಟ್, ಹಂಗಾಗಿ ನಮ್ ಮೂರನೇ ವರ್ಷ ಅವರ ಕೊನೇ ವರ್ಷಕ್ಕೆ ಬಂದು ಕೂರುತ್ತೆ, ಮಾಸ್ಟರ್ಸ್‌ನವರ ಜೊತೆ ಕೂರೋಕೆ ಬಿಡ್ತಾರಾ ಅಂತ ಬರವಣಿಗೆಯಲ್ಲಿ ಕೇಳ್ಕೋಬೇಕು.

ಮಾರ್ಕ್ಸ್ ವಿಷಯದಲ್ಲಿ ನನಗೆ ಒಂದು ಬಲವಾದ ಅಭಿಪ್ರಾಯ ಇದೆ. ಜರ್ಮನಿಯಲ್ಲಿ 1.0 ಅಂದ್ರೆ ಎಲ್ಲಕ್ಕಿಂತ ಮೇಲು, 4.0 ಅಂದ್ರೆ ಪಾಸು, ಅದಕ್ಕಿಂತ ದಾಟಿದ್ರೆ ಫೇಲು. ಇದನ್ನ ನಮ್ಮ ಹತ್ತರ ಲೆಕ್ಕಕ್ಕೆ ತರೋಕೆ ಮಾಡಿಫೈಡ್ ಬವೇರಿಯನ್ ಫಾರ್ಮುಲಾ ಅಂತ ಬಳಸ್ತಾರೆ. ನಮ್ ಪಾಸ್ ಗ್ರೇಡ್ 4 ಅಂತ ಇಟ್ಕೊಂಡ್ರೆ ಅಲ್ಲಿನ 2.0 ಇಲ್ಲಿ 8 ಆಗುತ್ತೆ, 3.0 ಬಂದ್ರೆ 6. ಕಾಗದದ ಮೇಲೆ ನ್ಯಾಯವಾಗೇ ಕಾಣುತ್ತೆ. ಆದ್ರೆ ಇಂಟರ್ನಲ್ಸ್ ಸೇರಿಸಿ ಒಂಬತ್ತು ತಗೊಂಡು ಅಭ್ಯಾಸ ಆಗಿರೋ ಹುಡುಗರಿಗೆ, ಒಂದೇ ಫೈನಲ್ ಪರೀಕ್ಷೆ ಮೇಲೆ ನಿಂತಿರೋ, ಪ್ರೂಫ್ ಬರೆಯೋಕೆ ಹೇಳೋ ಕೋರ್ಸಲ್ಲಿ 3.0 ಬರೋದೂ ಒಳ್ಳೇ ಕೆಲಸವೇ. ಅದನ್ನ ಇಲ್ಲಿ 6 ಅಂತ ಬರೆದ್ರೆ ಸಿಜಿಪಿಎ ಕುಸಿಯುತ್ತೆ, ಪ್ಲೇಸ್‌ಮೆಂಟ್ ಕಟ್‌ಆಫ್ ಕಣ್ಮುಂದೆ ಬರುತ್ತೆ, ಆಗ ಮುಂದಿನ ವರ್ಷ ಹೋಗೋರು ಕಷ್ಟದ ಕೋರ್ಸ್ ಬಿಟ್ಟು ಸುಲಭದ್ದು ಹುಡುಕ್ತಾರೆ. ಕಷ್ಟದ್ದನ್ನ ಕಲಿಯೋಕೆ ಅಂತ ಕಳಿಸಿ, ಸುಲಭದ್ದು ಆರಿಸೋ ಹಾಗೆ ನಿಯಮ ಮಾಡಿದ್ರೆ ಏನು ಬಂತು? ಪಾಸಾದ್ರೆ ಕ್ರೆಡಿಟ್ ಸಿಗ್ಲಿ, ಮಾರ್ಕ್ಸ್ ಕಾರ್ಡಲ್ಲಿ ಅಲ್ಲಿನ ಗ್ರೇಡ್ ಹಾಗೇ ನಮೂದಾಗ್ಲಿ, ಸಿಜಿಪಿಎ ಲೆಕ್ಕಕ್ಕೆ ಸೇರೋದು ಬೇಡ. ಇದನ್ನೇ ಬರೆದು ಡೀನ್ ಆಫೀಸಿಗೆ ಕೊಟ್ಟಿದೀನಿ, ಇನ್ನೂ ತೀರ್ಮಾನ ಆಗಿಲ್ಲ.

ಕ್ಯಾಲೆಂಡರ್ ಬಗ್ಗೆ. ಅವರ ವಿಂಟರ್ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31, ಪಾಠ ಶುರುವಾಗೋದು ಅಕ್ಟೋಬರ್ ನಡುವೆ, ಮುಗಿಯೋದು ಫೆಬ್ರವರಿ ಮೊದಲ ಅರ್ಧದಲ್ಲಿ, ಆಮೇಲೆ ಪರೀಕ್ಷೆ. ಸಮ್ಮರ್ ಅಂದ್ರೆ ಏಪ್ರಿಲ್‌ನಿಂದ ಸೆಪ್ಟೆಂಬರ್. ನಮ್ಮದು ಆಗಸ್ಟ್-ಸೆಪ್ಟೆಂಬರ್‌ಗೆ ಐದನೇ ಸೆಮಿಸ್ಟರ್, ಫೆಬ್ರವರಿ ಹೊತ್ತಿಗೆ ಆರನೇದು. ಎರಡೂ ಎಲ್ಲೂ ಸರಿಯಾಗಿ ಕೂರಲ್ಲ. ಆರನೇ ಸೆಮಿಸ್ಟರ್‌ಗೆ ಹೋದ್ರೆ ಅವರ ಸಮ್ಮರ್ ಪರೀಕ್ಷೆ ಜುಲೈ-ಆಗಸ್ಟ್‌ಗೆ ಬರುತ್ತೆ, ಅಷ್ಟೊತ್ತಿಗೆ ಇಲ್ಲಿ ಏಳನೇ ಸೆಮಿಸ್ಟರ್, ಕ್ಯಾಂಪಸ್‌ಗೆ ಕಂಪನಿಗಳು ಬರೋ ಕಾಲ. ಅದಕ್ಕೇ ಐದನೇದು. ಅದರಲ್ಲೂ ಒಂದು ತೊಡಕಿದೆ: ಅಲ್ಲಿ ಮೊದಲ ಪರೀಕ್ಷೆ ಫೇಲಾದ್ರೆ ರೀ-ಎಕ್ಸಾಮ್ ಇದೆ, ಆದ್ರೆ ಅದು ಮುಂದಿನ ಸೆಮಿಸ್ಟರ್ ಪಾಠ ಶುರುವಾಗೋಕೆ ಮುಂಚಿನ ಎರಡು ವಾರದಲ್ಲಿ, ಅಂದ್ರೆ ಏಪ್ರಿಲ್ ಹತ್ರ. ನಾನು ಅಷ್ಟು ಹೊತ್ತಿಗೆ ಇಲ್ಲಿ ಆರನೇ ಸೆಮಿಸ್ಟರ್‌ನ ಮೊದಲ ಇಂಟರ್ನಲ್ಸ್ ಬರೀತಿರ್ತೀನಿ. ಹಾಗಾಗಿ ನನಗೆ ಒಂದೇ ಅವಕಾಶ ಅನ್ನೋ ಹಾಗೇ ಲೆಕ್ಕ ಹಾಕ್ಕೊಂಡಿದೀನಿ. ಪ್ಲೇಸ್‌ಮೆಂಟ್ ಸೆಲ್‌ಗೂ ಮೊದಲೇ ಪತ್ರ ಕೊಡ್ಬೇಕು, ಯಾಕಂದ್ರೆ ಅಲ್ಲಿಂದ ಟ್ರಾನ್ಸ್‌ಕ್ರಿಪ್ಟ್ ಬರೋವರೆಗೂ ಐದನೇ ಸೆಮಿಸ್ಟರ್ ಖಾಲಿ ಕಾಣುತ್ತೆ, ಪೋರ್ಟಲ್ ಅದನ್ನ ಬ್ಯಾಕ್‌ಲಾಗ್ ಅಂತ ತಿಳ್ಕೊಂಡ್ರೆ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕೋಕೂ ಬಿಡಲ್ಲ.

ಇನ್ನು ದುಡ್ಡು. ಜರ್ಮನಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್ ಅಂತ ಬೇಕು, ಖರ್ಚಿನ ದುಡ್ಡನ್ನ ಮೊದಲೇ ಹಾಕಿಟ್ಟು ತಿಂಗಳಿಗೆ ಇಷ್ಟು ಅಂತ ಮಾತ್ರ ತೆಗೆಯೋಕಾಗೋ ಖಾತೆ ಅದು, ತಿಂಗಳಿಗೆ 992 ಯೂರೋ ಲೆಕ್ಕ, ವರ್ಷಕ್ಕೆ 11,904, ಇದು 2024ರ ಸೆಪ್ಟೆಂಬರ್‌ನಿಂದ ಇರೋ ಮೊತ್ತ. ನನಗೆ ಆರು ತಿಂಗಳಿಗೆ 5,952 ಯೂರೋ. ಯೂರೋನ ನೂರು ರೂಪಾಯಿ ಅಂತ ಹಿಡಿದ್ರೂ 5,95,200 ರೂಪಾಯಿ, ಒಂದೇ ಸಲಕ್ಕೆ ಹಾಕ್ಬೇಕು. ಅಪ್ಪಂಗೆ ಇದನ್ನ ಹೇಳಿದಾಗ ಮೊದಲು ಗಾಬರಿ ಆದ್ರು, ಆಮೇಲೆ ಪೂರ್ತಿ ಕೇಳಿಸ್ಕೊಂಡು, “ಅಂದ್ರೆ ನಮ್ ದುಡ್ಡನ್ನೇ ನಿಂಗೆ ತಿಂಗ್ಳು ತಿಂಗ್ಳು ಕೊಡ್ತಾರೆ ಅನ್ನು” ಅಂದ್ರು. ಹೌದು, ಅಷ್ಟೇ. ನಮ್ಮನೆ ತಿಪಟೂರು ಹತ್ರ, ಇರೋದು ತೆಂಗಿನ ತೋಟ. ಕೊಬ್ಬರಿ ಅಂದ್ರೆ ಬೇಕು ಅಂದಾಗ ಬರೋ ದುಡ್ಡಲ್ಲ. ಕಾಯಿ ಅಟ್ಟದ ಮೇಲೆ ವರ್ಷದ ಹತ್ರ ಒಣಗ್ಬೇಕು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದ್ರೆ ಉಂಡೆ ಕರಟ ಬಿಟ್ಕೊಂಡಿರೋ ಸದ್ದು ಕೇಳ್ಬೇಕು, ಆಮೇಲೆ ಸುಲಿಸಿ, ಒಡೆಸಿ ಎಪಿಎಂಸಿ ಟೆಂಡರ್‌ಗೆ ಹಾಕೋದು. ಅವತ್ತಿನ ರೇಟು ಯಾರ ಕೈಲೂ ಇಲ್ಲ. ವೀಸಾ ಅಪಾಯಿಂಟ್‌ಮೆಂಟ್‌ಗೆ ಮುಂಚೆ ದುಡ್ಡು ಅಕೌಂಟಲ್ಲಿ ಇರ್ಬೇಕು, ರೇಟ್ ಏರ್ಲಿ ಅಂತ ಕಾಯೋ ಹಾಗಿಲ್ಲ. ಅಪ್ಪ ಈ ಸಲ ಅರ್ಧ ಕೊಬ್ಬರಿ ಮುಂಚೆನೇ ಕೊಡೋದು ಅಂತ ಮಾಡಿದಾರೆ, ಉಳಿದಿದ್ದು ಎಫ್‌ಡಿಯಿಂದ. ಡಿಗ್ರಿ ಸಿಗದ ಒಂದು ಸೆಮಿಸ್ಟರ್‌ಗೆ ಎಜುಕೇಶನ್ ಲೋನ್ ಕೊಡಲ್ಲ ಅಂತ ನಾವು ಕೇಳಿದ ಬ್ಯಾಂಕಲ್ಲಿ ಹೇಳಿಬಿಟ್ರು. ಓದಿಗೆ ಅಂತ ಹೊರದೇಶಕ್ಕೆ ಕಳಿಸೋ ದುಡ್ಡು ವರ್ಷಕ್ಕೆ 10 ಲಕ್ಷ ದಾಟದಿದ್ರೆ ಬ್ಯಾಂಕು ಟಿಸಿಎಸ್ ಅನ್ನೋ ತೆರಿಗೆ ಹಿಡಿಯಲ್ಲ, ಈ ಮಿತಿ 2025ರ ಏಪ್ರಿಲ್‌ನಿಂದ ಬಂದಿದ್ದು, ಇದು ಗೊತ್ತಿದ್ರೆ ಬ್ಯಾಂಕಲ್ಲಿ ಮಾತಾಡೋಕೆ ಧೈರ್ಯ ಬರುತ್ತೆ. ಇದರ ಮೇಲೆ ಫ್ಲೈಟು, ವೀಸಾ ಫೀಸ್ 75 ಯೂರೋ, ಹೆಲ್ತ್ ಇನ್ಶೂರೆನ್ಸ್ ತಿಂಗಳಿಗೆ 140-150 ಯೂರೋ ಆಸುಪಾಸು. ಇನ್ಶೂರೆನ್ಸ್ ಆ 992ರಲ್ಲೇ ಹೋಗುತ್ತೆ, ಹಾಗಾಗಿ ರೂಮ್ ಎಷ್ಟಕ್ಕೆ ಸಿಗುತ್ತೆ ಅನ್ನೋದ್ರ ಮೇಲೇ ಎಲ್ಲ ನಿಂತಿದೆ, ಸ್ಟೂಡೆಂಟ್ ಹಾಸ್ಟೆಲ್‌ಗೆ ಅಡ್ಮಿಷನ್ ಲೆಟರ್ ಬಂದ ದಿನಾನೇ ಅರ್ಜಿ ಹಾಕಿ. ಇಲ್ಲೂ ಊರು ಮುಖ್ಯ ಆಗುತ್ತೆ, ಮ್ಯೂನಿಕ್‌ನ ಬಾಡಿಗೆ ನೋಡಿದ್ರೆ ಸಾರ್‌ಬ್ರೂಕನ್ ಎಷ್ಟೋ ವಾಸಿ.

ಸಣ್ಣಪುಟ್ಟದ್ದು ಬೇಗ ಹೇಳಿ ಮುಗಿಸ್ತೀನಿ. ಎಪಿಎಸ್ ಸರ್ಟಿಫಿಕೇಟ್ (ನಮ್ ಓದಿನ ದಾಖಲೆ ಅಸಲಿ ಅಂತ ಜರ್ಮನಿ ಕಡೆಯವರು ಪರಿಶೀಲಿಸಿ ಕೊಡೋದು) ಬೇಕಾ ಬೇಡ್ವಾ ಅಂತ ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸ್‌ಗೆ ಮೊದಲನೇ ಮೇಲ್‌ನಲ್ಲೇ ಕೇಳಿ. ಹೋದ ಎರಡು ವಾರದೊಳಗೆ ಊರಿನ ಆಫೀಸಲ್ಲಿ ವಿಳಾಸ ನೋಂದಾಯಿಸ್ಬೇಕು. ಕೋರ್ಸಿಗೆ ಸೇರೋದು ಬೇರೆ, ಪರೀಕ್ಷೆಗೆ ನೋಂದಾಯಿಸೋದು ಬೇರೆ, ಆ ತಾರೀಖು ತಪ್ಪಿದ್ರೆ ಸೆಮಿಸ್ಟರೇ ಹೋದ ಹಾಗೆ. ಟೈಮ್‌ಟೇಬಲ್‌ನಲ್ಲಿ ಸಿ.ಟಿ. ಅಂತ ಇದ್ರೆ ಕ್ಲಾಸು ಹದಿನೈದು ನಿಮಿಷ ತಡವಾಗಿ ಶುರು.

ನನ್ ದೊಡ್ಡಪ್ಪ ಕೇಳಿದ ಪ್ರಶ್ನೆ ಮಾತ್ರ ಬೇಗ ಮುಗಿಸೋಕಾಗಲ್ಲ. “ಹೆಂಗೂ ಮುಂದೆ ಎಂ.ಎಸ್.ಗೆ ಹೋಗೋದೇ ಅಲ್ವೇನಮ್ಮ, ಈಗ್ಯಾಕೆ ಆರು ತಿಂಗ್ಳಿಗೆ ಇಷ್ಟು ದುಡ್ಡು? ಕೆಲ್ಸನೂ ಸಿಗಲ್ಲ, ಡಿಗ್ರಿನೂ ಸಿಗಲ್ಲ” ಅಂದ್ರು. ಅವರದ್ದು ನ್ಯಾಯವಾದ ಪ್ರಶ್ನೆ. ಅಮ್ಮಂಗೂ ಒಳಗೆ ಅದೇ ಇದೆ, ಜೊತೆಗೆ ಡಿಸೆಂಬರ್ ಚಳೀಲಿ ನಾನೊಬ್ಬಳೇ ಇರ್ತೀನಿ ಅನ್ನೋ ಸಂಕಟನೂ. ನಾನು ಹೇಳಿದ್ದು ಇಷ್ಟು. ಮಾಸ್ಟರ್ಸ್‌ಗೆ ಹೋದವರು ಬಹಳಷ್ಟು ಜನ ಅಲ್ಲೇ ಉಳೀತಾರೆ, ಉಳಿಯೋಕೆ ಅಂತಾನೇ ಹೋಗ್ತಾರೆ, ಅದು ಅವರವರ ಜೀವನ. ಎಕ್ಸ್‌ಚೇಂಜ್‌ನಲ್ಲಿ ವಾಪಸ್ ಬರೋದು ಮೊದಲೇ ಬರೆದಿಟ್ಟಿರೋದು. ಬಂದು ಅದೇ ಬೆಂಚಲ್ಲಿ ಕೂತು, ಅದೇ ಫ್ರೆಂಡ್ಸ್ ಜೊತೆ ಇನ್ನೂ ಮೂರು ಸೆಮಿಸ್ಟರ್ ಓದ್ಬೇಕು. ವಾರಕ್ಕೊಂದು ಪ್ರಾಬ್ಲಂ ಶೀಟ್ ಕೊಟ್ಟು, ಅದರಲ್ಲಿ ಇಷ್ಟು ಅಂಕ ಬಂದ್ರೆ ಮಾತ್ರ ಪರೀಕ್ಷೆಗೆ ಬಿಡೋ ಪದ್ಧತಿ ಅಲ್ಲಿ ಎಷ್ಟೋ ಕೋರ್ಸ್‌ಗಳಲ್ಲಿದೆ, ಸೀನಿಯರ್ ಸ್ಟೂಡೆಂಟ್‌ಗಳೇ ಟ್ಯುಟೋರಿಯಲ್ ನಡೆಸ್ತಾರೆ, ತಿದ್ದಿ ಕೊಡ್ತಾರೆ. ಅದಕ್ಕೆ ದುಡ್ಡು ಬೇಡ, ದೊಡ್ಡ ಲ್ಯಾಬ್ ಬೇಡ, ನಮ್ ಕಾಲೇಜಲ್ಲೂ ಮಾಡ್ಬಹುದು. ನಾನು ಹೋಗಿ ಅದು ಒಳಗಿಂದ ಹೇಗೆ ನಡೆಯುತ್ತೆ ಅಂತ ನೋಡ್ಕೊಂಡು ಬಂದ್ರೆ, ಮುಂದಿನ ವರ್ಷ ನಮ್ ಜೂನಿಯರ್ಸ್‌ಗೆ ಥಿಯರಿ ಆಫ್ ಕಂಪ್ಯುಟೇಶನ್‌ನಲ್ಲಿ ನಾವೇ ನಾಲ್ಕೈದು ಜನ ಟ್ಯುಟೋರಿಯಲ್ ಶುರು ಮಾಡ್ಬಹುದು, ಮೇಡಂ ಹತ್ರ ಈ ಮಾತು ಆಗಿದೆ, ಅವರು ಶನಿವಾರದ ಒಂದು ಪೀರಿಯಡ್ ಬಿಟ್ಕೊಡ್ತೀನಿ ಅಂದಿದಾರೆ. ಮೂರನೇ ವರ್ಷದಲ್ಲಿ ಹೋಗಿ ಬಂದ್ರೆ ಮಾತ್ರ ಇದು ಆಗೋದು, ಬಿ.ಇ. ಮುಗಿಸಿ ಹೋದ್ರೆ ಯಾವ ಜೂನಿಯರ್ಸ್, ಯಾವ ಕ್ಲಾಸು. ದೊಡ್ಡಪ್ಪ ಪೂರ್ತಿ ಒಪ್ಪಿದಾರೆ ಅಂತ ಹೇಳಲ್ಲ, ಆದ್ರೆ ಅಪ್ಪ ಒಪ್ಪಿದಾರೆ.

ಈಗ ದಿನಾ ನಡೀತಿರೋದು ಪ್ರೂಫ್ ಬರೆಯೋ ಅಭ್ಯಾಸ, ಯಾಕಂದ್ರೆ ನಮ್ ಪರೀಕ್ಷೆಗಳಲ್ಲಿ ವಿವರಿಸಿ, ಉದಾಹರಣೆ ಕೊಡಿ ಅಂತ ಕೇಳ್ತಾರೆ, ಸಾಧಿಸಿ ಅಂತ ಕೇಳೋದು ಅಪರೂಪ. ಒಂದು ಭಾಷೆ (ಥಿಯರಿಯಲ್ಲಿ ಭಾಷೆ ಅಂದ್ರೆ ಅಕ್ಷರಸಾಲುಗಳ ಗುಂಪು) ರೆಗ್ಯುಲರ್ ಅಲ್ಲ, ಅಂದ್ರೆ ಫೈನೈಟ್ ಆಟೊಮೇಟಾಗೆ ಅದನ್ನ ಗುರುತಿಸೋಕಾಗಲ್ಲ ಅಂತ ತೋರಿಸೋ ಲೆಕ್ಕನ ಪಾಯಿಂಟ್ಸ್ ಹಾಕಿ ಬರೆಯೋದು ಬಿಟ್ಟು, ಒಂದು ವಾಕ್ಯದಿಂದ ಮುಂದಿನ ವಾಕ್ಯ ಯಾಕೆ ಬಂತು ಅಂತ ಬರೆಯೋದು. ಫ್ರೆಂಡ್ ಒಬ್ಬಳು ತಿದ್ದಿ ಕೊಡ್ತಾಳೆ, ಅವಳು ಎಕ್ಸ್‌ಚೇಂಜ್‌ಗೆ ಬರ್ತಿಲ್ಲ, ಆದ್ರೂ ನನ್ ಜೊತೆ ಕೂರ್ತಾಳೆ. ಸಿ ಪ್ಲಸ್ ಪ್ಲಸ್ ಇನ್ನೂ ಗಟ್ಟಿ ಆಗ್ಬೇಕು. ಜರ್ಮನ್ ಭಾಷೆಯ ಮೊದಲ ಹಂತ ಎ1 ಆನ್‌ಲೈನ್‌ನಲ್ಲಿ ನಡೀತಿದೆ, ಬೆಂಗಳೂರಲ್ಲಿ ಇರೋರಿಗೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕ್ಲಾಸ್ ಇದೆ, ಹೋಗೋಕಾದ್ರೆ ಹೋಗಿ.

ಬಾಕಿ ಇರೋದು ಆ ಡೀನ್ ಆಫೀಸಿನ ತೀರ್ಮಾನ. ನಿಮ್ ಕಾಲೇಜಲ್ಲಿ ಯಾರಾದ್ರೂ ಹೊರದೇಶದ ಕ್ರೆಡಿಟ್‌ನ ಸಿಜಿಪಿಎಗೆ ಸೇರಿಸದೆ, ಪಾಸ್ ಅಂತ ಮಾತ್ರ ಟ್ರಾನ್ಸ್‌ಫರ್ ಮಾಡಿಸ್ಕೊಂಡಿದ್ರೆ, ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ ಅದನ್ನ ಯಾವ ಮಾತಲ್ಲಿ ಬರೆದು ಒಪ್ಪಿಸಿದ್ರಿ ಅಂತ ನನಗೆ ಕಳಿಸಿ, ಆ ನಿರ್ಣಯದ ಒಂದು ಪ್ರತಿ ಸಿಕ್ಕಿದ್ರೂ ಸಾಕು, ಮುಂದಿನ ಬೋರ್ಡ್ ಮೀಟಿಂಗ್‌ಗೆ ಮೇಡಂ ಅದನ್ನ ಇಟ್ಕೊಂಡು ಹೋಗ್ತೀನಿ ಅಂದಿದಾರೆ.